ಪಟ್ಟಿ ಹೋಯಿತು, ಪೇಪರ್ ಎಲ್ಲಿಗೆ ಕಳಿಸೋಣ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸಂಶೋಧನಾ ಪ್ರಕಟಣೆ

ಪ್ರ: ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಪ್ಪಿದ ಸಂಶೋಧನಾ ಪತ್ರಿಕೆಗಳ, ಅಂದರೆ ಜರ್ನಲ್‌ಗಳ, ಪಟ್ಟಿಯಾದ ಯುಜಿಸಿ ಕೇರ್ ಲಿಸ್ಟ್ ರದ್ದಾಗಿದೆ ಎನ್ನುತ್ತಾರೆ ನಮ್ಮ ಗೈಡ್. ವಾಟ್ಸಾಪಿನಲ್ಲಿ ಮಾತ್ರ ‘ಯುಜಿಸಿ ಕೇರ್ ಅನುಮೋದಿತ, 3 ದಿನದಲ್ಲಿ ಪ್ರಕಟಣೆ, ₹1,800, ಸರ್ಟಿಫಿಕೇಟ್ ಉಚಿತ’ ಎಂಬ ಸಂದೇಶಗಳು ನಿಂತಿಲ್ಲ. ಯಾವುದನ್ನು ನಂಬಲಿ? ಪಿಎಚ್‌ಡಿ ಥೀಸಿಸ್ ಒಪ್ಪಿಸಲು ಪೇಪರ್ ಬೇಕೇ ಬೇಕೆ?
*ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ*

ಉ: ಗೈಡ್ ಹೇಳಿದ್ದೇ ಸರಿ. ಪಟ್ಟಿಯನ್ನು ಕೈಬಿಡಲು ಯುಜಿಸಿ 2024ರ ಅಕ್ಟೋಬರಿನಲ್ಲಿ ತೀರ್ಮಾನಿಸಿ, 2025ರ ಫೆಬ್ರವರಿಯಲ್ಲಿ ಅದನ್ನು ಸಾರ್ವಜನಿಕವಾಗಿ ತಿಳಿಸಿತು. ಪಟ್ಟಿಯ ಜಾಗದಲ್ಲಿ ಕೆಲವು ಸಲಹಾ ಮಾನದಂಡಗಳನ್ನು ಕೊಟ್ಟು, ಜರ್ನಲ್ಲನ್ನು ತೂಗಿ ನೋಡುವ ಹೊಣೆಯನ್ನು ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಬಿಟ್ಟಿತು. ಹಾಗಾಗಿ ಇವತ್ತು ‘ಕೇರ್ ಅನುಮೋದಿತ’ ಎಂದು ಕರೆಯುವವರು ಇಲ್ಲದ ಪಟ್ಟಿಯ ಹೆಸರಿನಲ್ಲಿ ದುಡ್ಡು ಕೇಳುತ್ತಿದ್ದಾರೆ.

ಪಟ್ಟಿ ಇದ್ದಾಗಲೂ ಅದೇನು ಭದ್ರಕೋಟೆಯಾಗಿರಲಿಲ್ಲ. ಅದಕ್ಕೂ ಹಿಂದಿನ ಅನುಮೋದಿತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಯುಜಿಸಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕಿತ್ತುಹಾಕಿತ್ತು. ಆಮೇಲೆ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ಕೋಶ ತೆರೆದು ಕೇರ್ ಪಟ್ಟಿ ಮಾಡಿದರು. ಅದರೊಳಗೂ ಕಳ್ಳರು ನುಗ್ಗಿದರು. ಅಚ್ಚಿನಲ್ಲಷ್ಟೇ ಬರುವ, ವೆಬ್‌ಸೈಟ್ ಇಲ್ಲದ ಹಳೆಯ ಪತ್ರಿಕೆಯ ಹೆಸರು, ಐಎಸ್ಎಸ್ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಎರಡನ್ನೂ ಕದ್ದು ಒಂದು ತಾಣ ಕಟ್ಟಿದರೆ ಸಾಕು, ಪಟ್ಟಿಯಲ್ಲಿ ಅಸಲಿ ಪತ್ರಿಕೆಯ ಹೆಸರಿರುತ್ತದೆ, ಹಣ ನಕಲಿಗೆ ಹೋಗುತ್ತದೆ. ಇದಕ್ಕೆ ಹೈಜಾಕ್ ಆದ ಜರ್ನಲ್ ಎನ್ನುತ್ತಾರೆ. ಹಿಂತೆಗೆದ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್ ತಾಣದಲ್ಲಿ ಇಂಥವುಗಳ ಒಂದು ಪಟ್ಟಿ ಇದೆ, ಮೊದಲು ಅಲ್ಲಿ ಹುಡುಕಿ.

ಆಮೇಲೆ ನೀವೇ ನೋಡಬೇಕಾದದ್ದು. ಐಎಸ್ಎಸ್ಎನ್ ಪೋರ್ಟಲ್ಲಿನಲ್ಲಿ ಸಂಖ್ಯೆ ಹಾಕಿ ಹುಡುಕುವುದು ಉಚಿತ. ಅಲ್ಲಿ ಕಾಣುವ ಹೆಸರು, ದೇಶ, ಮಾಧ್ಯಮ (ಅಚ್ಚೋ ಆನ್‌ಲೈನೋ) ಜರ್ನಲ್ಲಿನ ತಾಣದ ಜೊತೆ ತಾಳೆಯಾಗಬೇಕು. ಸಂಖ್ಯೆಯೇ ಕಟ್ಟುಕಥೆಯೋ ಎಂದು ಕಾಗದದ ಮೇಲೂ ಕಂಡುಹಿಡಿಯಬಹುದು. 0378-5955 ಎಂಬ ಸಂಖ್ಯೆ ತೆಗೆದುಕೊಳ್ಳಿ. ಮೊದಲ ಏಳು ಅಂಕಿಗಳನ್ನು ಎಡದಿಂದ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ: 0+21+42+40+20+27+10, ಒಟ್ಟು 160. ಅದನ್ನು 11ರಿಂದ ಭಾಗಿಸಿದರೆ ಶೇಷ 6. 11ರಲ್ಲಿ 6 ಕಳೆದರೆ 5. ಕೊನೆಯ ಅಂಕಿಯೂ 5, ಲೆಕ್ಕ ಸರಿಹೋಯಿತು. ಉತ್ತರ 10 ಬಂದರೆ ಕೊನೆಯಲ್ಲಿ ಎಕ್ಸ್ ಅಕ್ಷರ ಇರುತ್ತದೆ. ಶೇಷ ಸೊನ್ನೆಯಾದರೆ ಕೊನೆಯ ಅಂಕಿಯೂ ಸೊನ್ನೆ. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಜರ್ನಲ್ ಒಳ್ಳೆಯದು ಎಂದಲ್ಲ. ಐಎಸ್ಎಸ್ಎನ್ ಎಂಬುದು ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಡ್ರೈವರಿಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ಅದು ಹೇಳುವುದಿಲ್ಲ.

ಕೊನೆಯ ಎರಡು ಸಂಚಿಕೆ ತೆರೆಯಿರಿ. ಹೆಸರಿಗೆ ಇತಿಹಾಸದ ಪತ್ರಿಕೆ, ಒಳಗೆ ಜೇನುಸಾಕಣೆ, ಜಾವಾ ಪ್ರೋಗ್ರಾಮಿಂಗ್, ಜಿಎಸ್‌ಟಿ ಎಲ್ಲವೂ ಇದ್ದರೆ ಅಲ್ಲಿಗೆ ಬಿಡಿ. ಸಂಪಾದಕ ಮಂಡಳಿಯ ಮೂವರನ್ನು ಆರಿಸಿ, ಅವರವರ ಕಾಲೇಜಿನ ಪುಟದಲ್ಲಿರುವ ವಿಳಾಸಕ್ಕೆ ‘ತಾವು ಈ ಮಂಡಳಿಯಲ್ಲಿರುವುದು ನಿಜವೇ?’ ಎಂದು ಒಂದು ಸಾಲು ಬರೆಯಿರಿ. ಎಷ್ಟೋ ಜನಕ್ಕೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿರುವುದಿಲ್ಲ. ಲೇಖನಗಳ ಡಿಒಐ ಸಂಖ್ಯೆ (ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತು) ಕೊಟ್ಟಿದ್ದರೆ ಡಿಒಐ ಡಾಟ್ ಆರ್ಗ್ ತಾಣದಲ್ಲಿ ಅಂಟಿಸಿ. ‘ಸಿಗಲಿಲ್ಲ’ ಎಂದು ಬಂದರೆ ಅದು ಅಲಂಕಾರಕ್ಕೆ ಹಾಕಿದ ಸಂಖ್ಯೆ. ಇನ್ನು ‘ಇಂಪ್ಯಾಕ್ಟ್ ಫ್ಯಾಕ್ಟರ್ 8.2’ ಎಂಬ ಬ್ಯಾನರ್. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆ. ಜರ್ನಲ್ಲಿನ ಹಿಂದಿನ ಎರಡು ವರ್ಷದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅದು. ಹೋದ ವರ್ಷ ಹುಟ್ಟಿದ ಜರ್ನಲ್ಲಿಗೆ ಅದು ಬರುವುದಾದರೂ ಹೇಗೆ?

ಮೂರು ದಿನದ ಪೀರ್ ರಿವ್ಯೂ (ಅದೇ ವಿಷಯದ ತಜ್ಞರ ಪರಿಶೀಲನೆ) ಎಂಬುದೂ ಇಲ್ಲ. ಇಬ್ಬರು ರಿವ್ಯೂವರ್ ಒಪ್ಪಿಕೊಂಡು, ಓದಿ, ಬರೆದು, ನೀವು ತಿದ್ದಿ ಮರಳಿಸುವ ಹೊತ್ತಿಗೆ ಮೂರರಿಂದ ಆರು ತಿಂಗಳು ಹಿಡಿಯುವುದೇ ಸಹಜ.

ಪಿಎಚ್‌ಡಿ ವಿಚಾರ: ಯುಜಿಸಿಯ 2022ರ ನಿಯಮಾವಳಿ ಪೇಪರ್ ಕಡ್ಡಾಯ ಎಂಬುದನ್ನು ತೆಗೆದಿದೆ. ಆದರೆ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿರಬಹುದು. ನೀವು ನೋಂದಣಿಯಾದ ವರ್ಷಕ್ಕೆ ಅನ್ವಯಿಸುವ ನಿಯಮದ ಪ್ರತಿಯನ್ನು ಪಿಎಚ್‌ಡಿ ವಿಭಾಗದಲ್ಲಿ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಬಾಯಿಮಾತಿನ ಮೇಲೆ ₹1,800 ಕಟ್ಟಬೇಡಿ.

ಪ್ರ: ಅಂಥದೇ ಒಂದು ಜರ್ನಲ್ಲಿಗೆ ತಿಳಿಯದೆ ಕಳಿಸಿಬಿಟ್ಟೆ. ಈಗ ವಾಪಸ್ ಕೇಳಿದರೆ ₹10,000 ‘ವಿತ್‌ಡ್ರಾವಲ್ ಚಾರ್ಜ್’ ಕೇಳುತ್ತಿದ್ದಾರೆ. ಬೇರೆ ಕಡೆ ಕಳಿಸಬಹುದೆ?
*ಅತಿಥಿ ಉಪನ್ಯಾಸಕ, ಕಲಬುರಗಿ*

ಉ: ಹಣ ಕಟ್ಟಬೇಡಿ. ಕಟ್ಟಿದರೂ ಲೇಖನ ತೆಗೆಯುತ್ತಾರೆಂಬ ಖಾತ್ರಿಯಿಲ್ಲ.

ಮೊದಲು ನೋಡಬೇಕಾದದ್ದು, ಕಾಪಿರೈಟ್ ಫಾರ್ಮಿಗೆ ಸಹಿ ಹಾಕಿದ್ದೀರೋ ಇಲ್ಲವೋ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಸಹಿ ಇಲ್ಲದಿದ್ದರೆ ಹಕ್ಕು ನಿಮ್ಮದೇ. ಸಹಿ ಹಾಕಿದ್ದು, ಅದರಲ್ಲಿ ಅವಧಿ ಬರೆದಿರದಿದ್ದರೆ ಆ ಹಸ್ತಾಂತರ 5 ವರ್ಷಕ್ಕಷ್ಟೇ ಎಂದು ಕಾಯ್ದೆ ಎಣಿಸುತ್ತದೆ. ಪ್ರಕಟವಾಗುವ ಮೊದಲಾದರೆ ‘ಲೇಖನವನ್ನು ಹಿಂಪಡೆದಿದ್ದೇನೆ, ಪ್ರಕಟಿಸಬೇಡಿ’ ಎಂದು ತಾರೀಖು ಸಮೇತ ಇಮೇಲ್ ಮಾಡಿ, ಒಂದು ಪ್ರತಿ ಗೈಡಿಗೂ ವಿಭಾಗದ ಮುಖ್ಯಸ್ಥರಿಗೂ ಹೋಗಲಿ.

ಪ್ರಕಟವೇ ಆಗಿಬಿಟ್ಟಿದ್ದರೆ ವಿಷಯ ತೊಡಕು. ಅದೇ ಲೇಖನವನ್ನು ಸುಮ್ಮನೆ ಇನ್ನೊಂದು ಜರ್ನಲ್ಲಿಗೆ ಕಳಿಸಿದರೆ ಬೇರೆ ಬರಹಗಳ ಜೊತೆ ಎಷ್ಟು ಹೋಲುತ್ತದೆ ಎಂದು ತಂತ್ರಾಂಶ ನೋಡುವ ಸಾಮ್ಯತೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ, ಜೋಡಿ ಪ್ರಕಟಣೆಯ ಕಳಂಕ ನಿಮ್ಮ ಮೇಲೆ. ಹೊಸ ಜರ್ನಲ್ಲಿನ ಸಂಪಾದಕರಿಗೆ ಕವರ್ ಲೆಟರಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ಕಳಿಸಿದ ಇಮೇಲುಗಳನ್ನು ಲಗತ್ತಿಸಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಆ ಪೇಪರನ್ನು ಮರೆತು, ದತ್ತಾಂಶವನ್ನು ವಿಸ್ತರಿಸಿ ಹೊಸದಾಗಿ ಬರೆಯುವುದೇ ಕಡಿಮೆ ತಲೆನೋವು.

ಪ್ರ: ಕನ್ನಡ ಸಾಹಿತ್ಯದಲ್ಲಿ ಪಿಎಚ್‌ಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಪ್ರಬಂಧಕ್ಕೆ ಸಾಮ್ಯತೆ ಶೇ 0 ಬಂತು, ಎಲ್ಲರೂ ಶಹಬ್ಬಾಸ್ ಎಂದರು. ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಮಾಡಿಸಿದ ಗೆಳತಿಗೆ ಶೇ 19. ಹಾಗಾದರೆ ನುಡಿಯೇ ಒಳ್ಳೆಯದಲ್ಲವೆ?
*ಸಂಶೋಧಕ, ಶಿವಮೊಗ್ಗ*

ಉ: ನಿಮ್ಮ ಸೊನ್ನೆಗೆ ಏನೂ ಬೆಲೆಯಿಲ್ಲ. ತಂತ್ರಾಂಶ ನಿಮ್ಮ ಪ್ರಬಂಧವನ್ನು ಓದಿಯೇ ಇಲ್ಲ.

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ‘ಕನ್ನಡ’ ಎಂದು ನಿಮಗೆ ಕಾಣುವ ಪದ ನುಡಿಯ ಕಡತದೊಳಗೆ ಇರುವುದು ಹೀಗೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೆರೆ ಹೊತ್ತ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಗೆರೆ ಹೊತ್ತ ಎ. ಫಾಂಟ್ ತೆಗೆದರೆ ಉಳಿಯುವುದು ಇಷ್ಟೇ. ತಪಾಸಣೆಯ ತಂತ್ರಾಂಶ ಈ ಕಸವನ್ನು ಹಿಡಿದುಕೊಂಡು ಯುನಿಕೋಡ್ ಕನ್ನಡ ತುಂಬಿದ ಜಾಲದಲ್ಲಿ ಹುಡುಕಿದರೆ ಏನು ಸಿಕ್ಕೀತು? ಗೂಗಲ್ ಸ್ಕಾಲರಿಗೂ ಅಷ್ಟೇ, ಪಿಎಚ್‌ಡಿ ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಹುಡುಕುವವರಿಗೂ ಅಷ್ಟೇ. ಹತ್ತು ವರ್ಷ ದುಡಿದ ಪ್ರಬಂಧದ ಒಳಗಿನ ಒಂದು ಪದವೂ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಕನ್ನಡದ ಸಂಶೋಧನಾ ಪ್ರಕಟಣೆಗೆ ಇವತ್ತು ಎದುರಾಗಿರುವ ಸಮಸ್ಯೆಗಳಲ್ಲಿ ಇದೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಸುಲಿಗೆಯ ಜರ್ನಲ್‌ಗಳ ಗದ್ದಲದಲ್ಲಿ ಇದರ ಮಾತು ಯಾರೂ ಎತ್ತುವುದಿಲ್ಲ.

ನಿಮ್ಮ ಪಿಡಿಎಫ್ ತೆರೆದು, ಕಂಟ್ರೋಲ್ ಒತ್ತಿ ಎಫ್ ಒತ್ತಿ, ಯುನಿಕೋಡಿನಲ್ಲಿ ‘ಕನ್ನಡ’ ಎಂದು ಹುಡುಕಿ. ಸಿಗದಿದ್ದರೆ ರೋಗ ಇದೆ. ಪರಿವರ್ತಕಗಳಿವೆ, ಆದರೆ ಕಡತವನ್ನು ಇಡಿಯಾಗಿ ಅದಕ್ಕೆ ಸುರಿಯಬೇಡಿ. ಅಡಿಟಿಪ್ಪಣಿ, ಆಕರಸೂಚಿಯಲ್ಲಿರುವ ನಿಜವಾದ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ವರ್ಡ್ ಕಡತದಲ್ಲಿ ಫಾಂಟಿನ ಹೆಸರಿನಿಂದ ಹುಡುಕಿ, ನುಡಿ ಫಾಂಟಿನ ಭಾಗವನ್ನಷ್ಟೇ ಬದಲಾಯಿಸಿ. ಆಮೇಲೆ ಅರ್ಕಾವತ್ತಿರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ‘ಧರ್ಮ’ ಎಂಬಲ್ಲಿಯ ಅರ್ಕಾವತ್ತು ಮ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಕಳಪೆ ಪರಿವರ್ತಕ ಈ ಜಾಗ ಬದಲಾವಣೆಯಲ್ಲಿ ಎಡವುತ್ತದೆ. 250 ಪುಟದ ಪ್ರಬಂಧಕ್ಕೆ ಕರಡು ತಿದ್ದಲು ಎರಡು ವಾರವಾದರೂ ಎತ್ತಿಡಿ.

ಅಚ್ಚುಕೂಟದವರು ‘ಯುನಿಕೋಡಿನಲ್ಲಿ ಒತ್ತಕ್ಷರ ಒಡೆಯುತ್ತದೆ’ ಎಂದರೆ ಅವರು ಇನ್ನೂ ಪೇಜ್‌ಮೇಕರಿನಲ್ಲಿದ್ದಾರೆ ಎಂದು ತಿಳಿಯಿರಿ. ಅದಕ್ಕೆ ಯುನಿಕೋಡ್ ಕನ್ನಡ ಬಾರದು. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಇಷ್ಟಾದರೂ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಕೆಲವು ಸಂಯುಕ್ತಾಕ್ಷರ ಕಲಸಿಹೋಗಬಹುದು, ಹಾಗಾಗಿ ಮೂಲ ವರ್ಡ್ ಕಡತವನ್ನು ಜೋಪಾನವಾಗಿಡಿ.

ಗೆಳತಿಯ ಶೇ 19ಕ್ಕೆ ಬರೋಣ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಶೇ 10ರವರೆಗೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, 40ರಿಂದ 60 ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಮೂಲ ಹೆಸರಿಸಿ ಉದ್ಧರಿಸಿದ ಭಾಗ, ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರಬಾರದು. ವಚನ, ಶಾಸನ, ಜನಪದ ಹಾಡುಗಳನ್ನು ಉದ್ಧರಿಸುವ ಪ್ರಬಂಧದಲ್ಲಿ ಸಾಮ್ಯತೆ ಏರುವುದು ಸಹಜ. ಉದ್ಧರಣ ಚಿಹ್ನೆ ಸರಿಯಾಗಿ ಹಾಕಿ, ಅವನ್ನು ಹೊರಗಿಟ್ಟು ಇನ್ನೊಮ್ಮೆ ವರದಿ ತೆಗೆಸಲು ಗ್ರಂಥಪಾಲಕರನ್ನು ಕೇಳಲಿ. ಕಾಕತಾಳೀಯವಾಗಿ ಸತತ 14 ಪದದವರೆಗೆ ಹೊಂದಿದರೆ ಬಿಡಬಹುದು ಎಂಬ ವಿನಾಯಿತಿಯೂ ಇದೆ. ಇದನ್ನು ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ. ಕನ್ನಡದಲ್ಲಿ 14 ಪದ ಎಂದರೆ ಒಂದಿಡೀ ವಾಕ್ಯ, ಒಮ್ಮೊಮ್ಮೆ ಎರಡು.

ಇಂಗ್ಲಿಷ್ ಲೇಖನವನ್ನು ಕನ್ನಡಿಸಿ ತನ್ನದೆಂದು ಕೊಡುವುದನ್ನು ಬಹುತೇಕ ತಂತ್ರಾಂಶಗಳು ಹಿಡಿಯಲಾರವು. ಪರೀಕ್ಷಕರು ಹಿಡಿಯುತ್ತಾರೆ.

ಪ್ರ: ನಮ್ಮ ಕಾಲೇಜಿನಿಂದ ಅರ್ಧವಾರ್ಷಿಕ ಕನ್ನಡ ಸಂಶೋಧನಾ ಪತ್ರಿಕೆ ತರುತ್ತೇವೆ, 300 ಪ್ರತಿ ಅಚ್ಚು. ಲೇಖಕರಿಂದ ಹಣ ಪಡೆಯದೆ ಆನ್‌ಲೈನ್ ಮಾಡುವ ದಾರಿ ಯಾವುದು?
*ಸಂಪಾದಕಿ, ಮಂಗಳೂರು*

ಉ: ಲೇಖಕರೂ ಕೊಡಬೇಕಿಲ್ಲ, ಓದುಗರೂ ಕೊಡಬೇಕಿಲ್ಲ ಎಂಬ ಈ ಮಾದರಿಗೆ ‘ಡೈಮಂಡ್ ಓಪನ್ ಆಕ್ಸೆಸ್’ ಎಂಬ ಹೊಳಪಿನ ಹೆಸರು ಬಂದಿದೆ. ನಮ್ಮ ಕಾಲೇಜು, ಪರಿಷತ್ತುಗಳ ಪತ್ರಿಕೆಗಳು ಹೆಸರಿಲ್ಲದೆ ಇದನ್ನೇ ಮಾಡಿಕೊಂಡು ಬಂದಿವೆ. ಅತ್ತ ‘ನೇಚರ್’ ಪತ್ರಿಕೆ 2021ರಲ್ಲಿ ಮುಕ್ತ ಪ್ರಕಟಣೆಗೆ ಲೇಖನವೊಂದಕ್ಕೆ 9,500 ಯೂರೋ ದರ ಇಟ್ಟಿತು. ಅದರ ಪಕ್ಕದಲ್ಲಿ ನಿಮ್ಮ ಪತ್ರಿಕೆಯನ್ನು ಸಣ್ಣದು ಎಂದುಕೊಳ್ಳಬೇಡಿ.

ಆನ್‌ಲೈನ್ ಆವೃತ್ತಿಗೆ ಪ್ರತ್ಯೇಕ ಐಎಸ್ಎಸ್ಎನ್ ಬೇಕು. ಅಚ್ಚಿನದ್ದನ್ನೇ ಹಾಕುವುದು ಎಲ್ಲರೂ ಮಾಡುವ ತಪ್ಪು. ದೆಹಲಿಯ ಭಾರತೀಯ ಐಎಸ್ಎಸ್ಎನ್ ಕೇಂದ್ರ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ. ತಾಣಕ್ಕೆ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಲೇಖನ ಸ್ವೀಕಾರ, ರಿವ್ಯೂ, ಪ್ರಕಟಣೆ ಎಲ್ಲವೂ ಅದರಲ್ಲೇ ನಡೆಯುತ್ತವೆ. ಒಮ್ಮೆ ಕೂರಿಸಿ ಮರೆತರೆ ಕೆಡುತ್ತದೆ. ಅಪ್‌ಡೇಟ್ ಮಾಡದೆ ಬಿಟ್ಟ ತಾಣಗಳೊಳಗೆ ಜೂಜಿನ ಕೊಂಡಿಗಳು ಬಂದು ಕೂರುತ್ತವೆ, ಗೂಗಲ್ ಆ ತಾಣವನ್ನೇ ಅಪಾಯಕಾರಿ ಎಂದು ಸಾರುತ್ತದೆ. ಕಂಪ್ಯೂಟರ್ ವಿಭಾಗದ ಒಬ್ಬರ ಹೆಸರಿಗೆ ಈ ಕೆಲಸ ಬರೆದಿಡಿ. ತಾಣದ ವಿಳಾಸ ಕಾಲೇಜಿನ ಹೆಸರಿನಲ್ಲೇ ಇರಲಿ, ಯಾರದೋ ವೈಯಕ್ತಿಕ ಖಾತೆಯಲ್ಲಿ ಬೇಡ. ಅವರು ನಿವೃತ್ತರಾದ ವರ್ಷ ಪತ್ರಿಕೆಯೂ ಮಾಯವಾಗುತ್ತದೆ.

ಮಾಯವಾಗುವುದು ಉತ್ಪ್ರೇಕ್ಷೆಯಲ್ಲ. 2000ರಿಂದ 2019ರ ನಡುವೆ 170ಕ್ಕೂ ಹೆಚ್ಚು ಮುಕ್ತ ಜರ್ನಲ್‌ಗಳು ಜಾಲದಿಂದ ಪೂರ್ತಿ ಕಣ್ಮರೆಯಾದದ್ದನ್ನು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಓಪನ್ ಜರ್ನಲ್ ಸಿಸ್ಟಮ್ಸ್ ಬಳಸುವ ಪತ್ರಿಕೆಗಳಿಗೆಂದೇ ಉಚಿತ ಸಂರಕ್ಷಣಾ ಜಾಲವೊಂದಿದೆ; ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟಿನವರದು. ಅದರ ಪ್ಲಗಿನ್ ಚಾಲೂ ಮಾಡಿದರೆ ಸಂಚಿಕೆಗಳ ಪ್ರತಿಗಳು ಬೇರೆ ಬೇರೆ ಕಡೆ ಉಳಿಯುತ್ತವೆ.

ಮುಂದಿನ ಮೆಟ್ಟಿಲು ಡಿಒಎಜೆ, ಅಂದರೆ ಮುಕ್ತ ಜರ್ನಲ್‌ಗಳ ಜಾಗತಿಕ ಸೂಚಿ. ಅರ್ಜಿಗೆ ಶುಲ್ಕವಿಲ್ಲ. ವರ್ಷಕ್ಕೆ ಕನಿಷ್ಠ 5 ಸಂಶೋಧನಾ ಲೇಖನ ಬರಬೇಕು, ಪ್ರತಿ ಲೇಖನಕ್ಕೂ ತನ್ನದೇ ಪುಟ ಇರಬೇಕು, ಯಾವ ಮರುಬಳಕೆ ಪರವಾನಗಿ (ಕ್ರಿಯೇಟಿವ್ ಕಾಮನ್ಸ್‌ನಂಥದ್ದು) ಎಂದು ಸ್ಪಷ್ಟವಾಗಿ ಬರೆದಿರಬೇಕು. ಇಡೀ ಸಂಚಿಕೆಯನ್ನು ಒಂದೇ ಪಿಡಿಎಫ್ ಮಾಡಿ ಏರಿಸುವ ನಮ್ಮ ಅಭ್ಯಾಸ ಇಲ್ಲೇ ಮುಗ್ಗರಿಸುತ್ತದೆ.

ಪ್ರತಿ ಲೇಖನಕ್ಕೆ ಇಂಗ್ಲಿಷಿನಲ್ಲೂ ಶೀರ್ಷಿಕೆ, 150 ಪದದ ಸಾರಾಂಶ ಕೇಳಿ. ಟೋಕಿಯೋದಲ್ಲಿ ಕೂತು ದ್ರಾವಿಡ ಭಾಷೆಗಳ ಮೇಲೆ ಕೆಲಸ ಮಾಡುವವರಿಗೆ ನಿಮ್ಮ ಪತ್ರಿಕೆ ಕಾಣುವುದು ಆ ಕಿಟಕಿಯಿಂದಲೇ.

ಪ್ರ: ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ (ಜರ್ನಲ್‌ಗಳ ಚಂದಾವನ್ನು ಸರ್ಕಾರವೇ ಕಟ್ಟುವುದು) ಬಂದ ಮೇಲೆ ಎಲ್ಲ ಜರ್ನಲ್ ಉಚಿತ ಎಂದು ಓದಿದ್ದೆ. ನಮ್ಮ ಖಾಸಗಿ ಕಾಲೇಜಿನಲ್ಲಿ ಒಂದೂ ತೆರೆಯುವುದಿಲ್ಲ.
*ಉಪನ್ಯಾಸಕಿ, ತುಮಕೂರು*

ಉ: ತೆರೆಯದಿರುವುದಕ್ಕೆ ಕಾರಣ, ಮೊದಲ ಹಂತದಲ್ಲಿ ಯೋಜನೆ ಇರುವುದು ಕೇಂದ್ರ, ರಾಜ್ಯ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಮೂರು ವರ್ಷಕ್ಕೆ ₹6,000 ಕೋಟಿ; 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300 ಸಂಸ್ಥೆಗಳ 1.8 ಕೋಟಿ ಜನಕ್ಕೆ. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು ₹1,100. ಗಾಂಧಿನಗರದಲ್ಲಿರುವ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ಇದನ್ನು ನಡೆಸುತ್ತದೆ. ಜಗತ್ತು ನಿಧಾನಕ್ಕೆ ಮುಕ್ತ ಪ್ರಕಟಣೆಯತ್ತ ಸರಿಯುತ್ತಿರುವಾಗ ಚಂದಾಗೆ ಇಷ್ಟು ಸುರಿಯಬೇಕೇ ಎಂಬ ತಕರಾರಿನಲ್ಲಿ ಹುರುಳಿದೆ. ಸರ್ಕಾರಿ ಕಾಲೇಜಿನ ಎಂಎಸ್ಸಿ ವಿದ್ಯಾರ್ಥಿಗೆ ಇದರಿಂದ ಮೊದಲ ಸಲ ಜರ್ನಲ್ ತೆರೆದಿದೆ ಎಂಬುದೂ ನಿಜವೇ.

ನಿಮಗೀಗ ಬೇಕಾದದ್ದು ಪೇಪರ್. ಬ್ರೌಸರಿಗೆ ‘ಅನ್‌ಪೇವಾಲ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಸೇರಿಸಿ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಹಸಿರು ಬೀಗ ತೋರಿಸುತ್ತದೆ. ಗೂಗಲ್ ಸ್ಕಾಲರಿನಲ್ಲಿ ‘ಆಲ್ ವರ್ಷನ್ಸ್’ ಒತ್ತಿ. ಭೌತಶಾಸ್ತ್ರ, ಗಣಿತವಾದರೆ ಆರ್ಕೈವ್ (arXiv) ತಾಣದಲ್ಲಿ ಪ್ರೀಪ್ರಿಂಟ್, ಅಂದರೆ ಜರ್ನಲ್ಲಿನಲ್ಲಿ ಬರುವ ಮುಂಚಿನ ಪ್ರತಿ, ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ-ಪ್ರಿಂಟ್ಸ್ ಭಂಡಾರ 2002ರಿಂದ ಇದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್ ಕೊಟ್ಟ ಹಣದಿಂದ ನಡೆದ ಸಂಶೋಧನೆಯಾದರೆ, 2025ರ ಜುಲೈ 1ರಿಂದ ಒಪ್ಪಿತವಾದ ಹಸ್ತಪ್ರತಿಗಳು ಪ್ರಕಟವಾದ ದಿನವೇ ಉಚಿತ ಭಂಡಾರವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ತೆರೆದಿರಬೇಕು ಎಂಬ ನಿಯಮ ಬಂದಿದೆ. ಯಾವುದೂ ಇಲ್ಲವೆಂದರೆ ಲೇಖಕರಿಗೇ ಬರೆಯಿರಿ. ಎರಡು ಸಾಲು ಸಾಕು. ಬಹಳಷ್ಟು ಜನ ಸಂತೋಷದಿಂದ ಕಳಿಸುತ್ತಾರೆ.

ಪ್ರ: ಚಾಟ್‌ಜಿಪಿಟಿಯಿಂದ ಭಾಷೆ ತಿದ್ದಿಸಿದರೆ ತಪ್ಪೇ? ಹೇಳದೇ ಇದ್ದರೆ ಗೊತ್ತಾಗುತ್ತದೆಯೇ?
*ಎಂಜಿನಿಯರಿಂಗ್ ಸಂಶೋಧಕ, ಬೆಂಗಳೂರು*

ಉ: ತಿದ್ದಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿ ಕೋಪ್ 2023ರಲ್ಲೇ ಹೇಳಿದೆ: ಎಐ ಲೇಖಕನಾಗುವಂತಿಲ್ಲ, ಏಕೆಂದರೆ ಬರೆದದ್ದಕ್ಕೆ ಅದು ಹೊಣೆ ಹೊರಲಾರದು, ಬಳಸಿದ್ದರೆ ಯಾವ ಸಾಧನ, ಯಾವುದಕ್ಕೆ ಎಂದು ಲೇಖನದಲ್ಲಿ ಬರೆಯಬೇಕು. ಒಂದು ವಾಕ್ಯದ ಕೆಲಸ. ಕೆಲವು ಜರ್ನಲ್‌ಗಳು ಬರೀ ವ್ಯಾಕರಣ ತಿದ್ದಿಸಿದ್ದಕ್ಕೆ ಇದನ್ನೂ ಕೇಳುವುದಿಲ್ಲ, ಅವರ ಲೇಖಕರ ಸೂಚನೆ ಓದಿ.

ಗೊತ್ತಾಗುವುದು ಹೆಚ್ಚಾಗಿ ಆಕರಸೂಚಿಯಲ್ಲಿ. ಎಐ ಹೆಣೆದ ಉಲ್ಲೇಖದಲ್ಲಿ ಲೇಖಕ ನಿಜ, ಜರ್ನಲ್ ನಿಜ, ಸಂಪುಟದ ಸಂಖ್ಯೆಯೂ ನಂಬುವಂತಿರುತ್ತದೆ, ಅಂಥ ಲೇಖನ ಮಾತ್ರ ಯಾರೂ ಬರೆದಿರುವುದಿಲ್ಲ. ಪ್ರತಿ ಡಿಒಐಯನ್ನೂ ತೆರೆದು, ಬರುವ ಶೀರ್ಷಿಕೆ ನೀವು ಬರೆದದ್ದೇ ಎಂದು ನೋಡಿ. 40 ಉಲ್ಲೇಖಕ್ಕೆ ಒಂದು ಗಂಟೆ ಹಿಡಿದೀತು. ಕನ್ನಡ ಪುಸ್ತಕಗಳಿಗೆ ಸಾಮಾನ್ಯವಾಗಿ ಡಿಒಐ ಇರುವುದಿಲ್ಲ, ಪುಸ್ತಕವನ್ನೇ ಕೈಗೆತ್ತಿಕೊಂಡು ಪ್ರಕಾಶಕರು, ವರ್ಷ ನೋಡಬೇಕು.

ಇನ್ನೊಂದು ಸುಳಿವು, ಪದ ಬದಲಿಸುವ ತಂತ್ರಾಂಶಗಳ ಎಡವಟ್ಟು. ಸಾಮ್ಯತೆ ತಪ್ಪಿಸಲು ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದನ್ನು ‘ಬೂಸಮ್ ಪೆರಿಲ್’ ಮಾಡಿದವರಿದ್ದಾರೆ, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಆಗಿದೆ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು ಇಂಥ ಪದಗಳನ್ನು ಪಟ್ಟಿಮಾಡಿ ಜರ್ನಲ್‌ಗಳನ್ನು ಜಾಲಾಡಿದರು. ಹಿಂದಾವಿ ಪ್ರಕಾಶನ 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡಿತು. ಬಹುಪಾಲು ಪೇಪರ್ ಗಿರಣಿಗಳ, ಅಂದರೆ ದುಡ್ಡಿಗೆ ನಕಲಿ ಲೇಖನ ತಯಾರಿಸಿ ಮಾರುವವರ, ಸರಕು. ಪ್ರಕಟವಾದ ಮೇಲೂ ನಿಮ್ಮ ಪೇಪರನ್ನು ಯಂತ್ರಗಳು ಓದುತ್ತಿರುತ್ತವೆ, ವರ್ಷಗಳ ನಂತರವೂ.

ನೀವು ರಿವ್ಯೂವರ್ ಆಗಿದ್ದರೆ ಬೇರೆಯವರ ಹಸ್ತಪ್ರತಿಯನ್ನು ಸಾರ್ವಜನಿಕ ಚಾಟ್‌ಬಾಟಿಗೆ ಏರಿಸಬೇಡಿ, ಅದು ಗೋಪ್ಯ ದಾಖಲೆ. 2025ರಲ್ಲಿ ಕೆಲವು ಪ್ರೀಪ್ರಿಂಟ್‌ಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಒಳ್ಳೆಯ ವಿಮರ್ಶೆಯನ್ನಷ್ಟೇ ಬರೆ’ ಎಂದು ಎಐಗೆ ಅಡಗಿಸಿಟ್ಟ ಆಜ್ಞೆಗಳು ಸಿಕ್ಕವು. ಕಳ್ಳನಿಗೆ ಕಳ್ಳ ಸಿಕ್ಕಂತೆ.

ಪ್ರ: ನನ್ನ ಹೆಸರು ಒಂದೊಂದು ಪೇಪರಿನಲ್ಲಿ ಒಂದೊಂದು ರೀತಿ ಬಂದಿದೆ. ಎಲ್ಲವೂ ನನ್ನವೇ ಎಂದು ತೋರಿಸುವುದು ಹೇಗೆ?
*ಲಕ್ಷ್ಮಿ, ಮೈಸೂರು*

ಉ: ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಪಡೆಯಿರಿ, ಉಚಿತ, ಐದು ನಿಮಿಷದ ಕೆಲಸ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಜರ್ನಲ್ಲಿನ ಫಾರ್ಮು ‘ಸರ್‌ನೇಮ್’ ಕೇಳಿದಾಗ ಒಬ್ಬರು ಊರು ತುಂಬುತ್ತಾರೆ, ಇನ್ನೊಬ್ಬರು ಇನಿಷಿಯಲ್ ಬಿಡಿಸುತ್ತಾರೆ. ನಿಮ್ಮ ಹೆಸರನ್ನಂತೂ ಇಂಗ್ಲಿಷಿನಲ್ಲಿ ‘ಕೆಎಸ್ಎಚ್’ ಹಾಕಿಯೂ ಬರೆಯುತ್ತಾರೆ, ‘ಎಕ್ಸ್’ ಹಾಕಿಯೂ ಬರೆಯುತ್ತಾರೆ. ಖಾತೆಯಲ್ಲಿ ‘ಬೇರೆ ಹೆಸರುಗಳು’ ಎಂಬ ಜಾಗವಿದೆ. ಇದುವರೆಗೆ ಬಂದ ಎಲ್ಲ ರೂಪಗಳನ್ನೂ, ಕನ್ನಡ ಲಿಪಿಯದ್ದನ್ನೂ ಅಲ್ಲಿ ಸೇರಿಸಿ, ಹಳೆಯ ಲೇಖನಗಳನ್ನು ಡಿಒಐ ಹಾಕಿ ಜೋಡಿಸಿ. ಇನ್ನು ಮುಂದೆ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಏನೇ ಇರಲಿ, ಪೇಪರಿಗೆ ಒಂದೇ ರೂಪ ಇಟ್ಟುಕೊಳ್ಳಿ.